ಹೂತವನನ್ನು ಮತ್ತೆ ಹೂಳೋದು ಹೇಗೆ?
ಸಮಾಜವಾದಿ ದೇಶಗಳಲ್ಲಿ ಸರ್ಕಾರಿ ಕಚೇರಿಯನ್ನು ಗೇಲಿ ಮಾಡುವ ಸಿನಿಮಾ ಬರೋದೇ ಕಷ್ಟ ಎಂದು ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ಕ್ಯೂಬಾದ ನಿರ್ದೇಶಕ ತೊಮಾಸ್ ಗುಟಿಯೆರೆಸ್ ಅಲೆಯಾ 1966ರಲ್ಲಿ ಮಾಡಿದ 'ಲಾ ಮುಯೆರ್ತೆ ದೆ ಉನ್ ಬುರೋಕ್ರಾತಾ' (ಒಬ್ಬ ಅಧಿಕಾರಿಯ ಸಾವು) ನೋಡಿ. ದುಡ್ಡು ಹಾಕಿದ್ದು ಸರ್ಕಾರದ್ದೇ ಸಿನಿಮಾ ಸಂಸ್ಥೆ!

ಕ್ಯೂಬಾದ ರಾಷ್ಟ್ರವೀರ, ಕವಿ ಹೊಸೆ ಮಾರ್ತಿಯ ಪ್ರತಿಮೆಗಳನ್ನು ಸಾಲುಸಾಲಾಗಿ ತಯಾರಿಸುವ ಯಂತ್ರ ಕಂಡುಹಿಡಿದ ಮಾದರಿ ಕಾರ್ಮಿಕ, ಅದೇ ಯಂತ್ರಕ್ಕೆ ಸಿಕ್ಕಿ ಸಾಯುತ್ತಾನೆ. ಗೌರವಕ್ಕೆಂದು ಅವನ ಕಾರ್ಮಿಕ ಕಾರ್ಡನ್ನೂ ಜೊತೆಗೇ ಹೂಳುತ್ತಾರೆ. ಹೆಂಡತಿ ಪಿಂಚಣಿ ಕೇಳಲು ಹೋದರೆ, ಮೊದಲು ಆ ಕಾರ್ಡ್ ತನ್ನಿ ಅನ್ನುತ್ತಾರೆ. ಅನುಮತಿ ಸಿಗದೆ ಸೋದರಳಿಯ ರಾತ್ರಿ ಕದ್ದು ಹೆಣ ತೆಗೆಸುತ್ತಾನೆ. ಅಸಲಿ ಮಜಾ ಇರೋದು ಆಮೇಲೆ. ವಾಪಸ್ ಹೂಳೋಣ ಅಂದರೆ ಸ್ಮಶಾನದವರು ಒಪ್ಪುವುದಿಲ್ಲ. ದಾಖಲೆ ಪ್ರಕಾರ ಆತ ಒಳಗೇ ಇದ್ದಾನಲ್ವಾ! ಹೆಣ ಮನೆಯಲ್ಲಿ, ಸುತ್ತ ಐಸು. ಆ ಹುಡುಗ ಸುಮ್ನೆ ಒಂದು ಸೀಲಿಗಾಗಿ ಕಿಟಕಿಯಿಂದ ಕಿಟಕಿಗೆ ಅಲೆಯುತ್ತಾನೆ.

ಟೈಟಲ್ ಕಾರ್ಡನ್ನೂ ಸರ್ಕಾರಿ ಆದೇಶದ ಥರ ಟೈಪ್ ಮಾಡಿಸಿದ್ದಾರೆ. ಅದರಲ್ಲಿ ಹಳೆಯ ಹಾಸ್ಯಜೋಡಿ ಲಾರೆಲ್-ಹಾರ್ಡಿಗೆ, ಸ್ಪೇನ್ ಮೂಲದ ನಿರ್ದೇಶಕ ಬುನ್ಯುಯೆಲ್‌ಗೆ ನಮನವಿದೆ. ಸ್ಮಶಾನದ ಬಾಗಿಲಲ್ಲಿ ಹೂಗುಚ್ಛ ಎಸೆದಾಡುವ ಜಗಳವಂತೂ ನೇರ ಲಾರೆಲ್-ಹಾರ್ಡಿಯೇ. ಕೊನೆ ಮಾತ್ರ ನನಗೆ ಸ್ವಲ್ಪ ಜಾಸ್ತಿ ಎನಿಸಿತು.

ಇದೇ ನಿರ್ದೇಶಕರು 1995ರಲ್ಲಿ ಹುವಾನ್ ಕಾರ್ಲೋಸ್ ತಾಬಿಯೋ ಜೊತೆ ಮಾಡಿದ 'ಗ್ವಾಂತಾನಾಮೆರಾ'ದಲ್ಲೂ ಒಂದು ಹೆಣ, ಒಬ್ಬ ಅಧಿಕಾರಿ, ಹೆಣ ಸಾಗಿಸುವ ಪೆಟ್ರೋಲ್ ಲೆಕ್ಕ. ಎರಡನ್ನೂ ಒಟ್ಟಿಗೆ ನೋಡಿ.