ಸತ್ಯಾಂಶ: ಸರ್ಕಾರಿ ಜಾಹೀರಾತಿನಲ್ಲಿ ಪಕ್ಷದ ಚಿಹ್ನೆ ಹಾಕಬಹುದೇ?

‘ನೀತಿ ಸಂಹಿತೆ ಜಾರಿಯಾಗುವವರೆಗೆ ಸರ್ಕಾರಿ ದುಡ್ಡಿನಲ್ಲಿ ಪಕ್ಷದ ಪ್ರಚಾರ ಮಾಡಿದರೂ ತಪ್ಪಿಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು.

ಸುಪ್ರೀಂ ಕೋರ್ಟ್ 2015ರ ಮೇ 13ರಂದು ಕೊಟ್ಟ ಮಾರ್ಗಸೂಚಿ ಚುನಾವಣೆ ಇಲ್ಲದ ದಿನಗಳಿಗೂ ಅನ್ವಯಿಸುತ್ತದೆ. ಸರ್ಕಾರಿ ಜಾಹೀರಾತಿನಲ್ಲಿ ಪಕ್ಷದ ಹೆಸರು, ಚಿಹ್ನೆ, ಬಾವುಟ ಇರಕೂಡದು. ವಿರೋಧ ಪಕ್ಷವನ್ನು ಹೀಗಳೆಯುವಂತೆಯೂ ಇಲ್ಲ.

ಜನ ಎಡವುವುದು ಫೋಟೊ ವಿಚಾರದಲ್ಲಿ. ಮೊದಲು ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿಗಳ ಚಿತ್ರಕ್ಕಷ್ಟೇ ಅವಕಾಶವಿತ್ತು. 2016ರ ಮಾರ್ಚ್‌ನಲ್ಲಿ ಕೋರ್ಟೇ ಇದನ್ನು ಸಡಿಲಿಸಿ ರಾಜ್ಯಪಾಲರು, ಮುಖ್ಯಮಂತ್ರಿ, ಸಚಿವರ ಚಿತ್ರಕ್ಕೂ ಒಪ್ಪಿತು (ನಮ್ಮ ಪ್ರಕಾರ ಇದರಿಂದ ನಿಯಮದ ಬಲ ಕುಗ್ಗಿತು). ಹಾಗಾಗಿ ಮುಖ್ಯಮಂತ್ರಿಯ ಮುಖ ಕಂಡ ಮಾತ್ರಕ್ಕೆ ಉಲ್ಲಂಘನೆಯಾಗದು. ಪಕ್ಕದಲ್ಲಿ ಪಕ್ಷದ ಗುರುತಿದ್ದರೆ ಉಲ್ಲಂಘನೆಯಾಗುತ್ತದೆ.

ದೂರು ಕೊಡುವುದಾದರೆ ಜಾಹೀರಾತನ್ನಷ್ಟೇ ಕತ್ತರಿಸಿಡಬೇಡಿ. ದಿನಾಂಕ, ಇಲಾಖೆಯ ಹೆಸರು ಕಾಣುವ ಇಡೀ ಪುಟ ಬೇಕು. ಖರ್ಚು ಯಾರದೆಂದು ತೋರಿಸುವುದೇ ಅದು.