ಸ್ಪಿತಿಗೆ ಹೋಗಲು ನಮಗೆ ಪರ್ಮಿಟ್ ಬೇಕಾ?

ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಲು ಭಾರತೀಯರೂ ಇನ್ನರ್ ಲೈನ್ ಪರ್ಮಿಟ್ (ಗಡಿ ಪ್ರದೇಶಕ್ಕೆ ಹೋಗಲು ಸರ್ಕಾರ ಕೊಡುವ ಅನುಮತಿ ಪತ್ರ) ಮಾಡಿಸಬೇಕು, ಚಳಿಗಾಲದಲ್ಲಿ ಕಣಿವೆ ಪೂರ್ತಿ ಬಂದ್ ಎಂಬ ಮೆಸೇಜ್ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಎರಡೂ ಸರಿಯಲ್ಲ.

ಸ್ಪಿತಿಯ ಊರುಗಳಾದ ಕಾಜಾ, ಟಾಬೊ, ಕಿಬ್ಬರ್‌ಗೆ ಹೋಗಲು ನಮಗೆ ಈ ಪರ್ಮಿಟ್ ಬೇಡ. ಗುರುತಿನ ಚೀಟಿ ಜೊತೆಗಿರಲಿ, ಸಾಕು. ಕಿನ್ನೌರ್ ಕಡೆಯಿಂದ ಟಿಬೆಟ್ ಗಡಿಯ ಪಕ್ಕ ಬರುವ ವಿದೇಶಿಯರಿಗೆ ಮಾತ್ರ ಅದು ಬೇಕು. ಸುಮ್ನೆ ಏಜೆಂಟರಿಗೆ ದುಡ್ಡು ಕೊಡಬೇಡಿ.

ಚಳಿಗಾಲದಲ್ಲಿ ಮುಚ್ಚುವುದು ಮನಾಲಿ ಕಡೆಯ ಕುಂಜುಮ್ ಪಾಸ್ ಎಂಬ ಬೆಟ್ಟದ ದಾರಿ. ಶಿಮ್ಲಾ–ಕಿನ್ನೌರ್ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ. ಜಾಸ್ತಿ ಹಿಮ ಬಿದ್ದರೆ, ಗುಡ್ಡ ಕುಸಿದರೆ ಕೆಲವು ದಿನ ನಿಲ್ಲುತ್ತದೆ, ಅಷ್ಟೇ. ಹಿಮಚಿರತೆ ನೋಡಲು ಜನ ಕಿಬ್ಬರ್‌ಗೆ ಹೋಗುವುದೇ ಆ ಚಳಿಯಲ್ಲಿ. ಜಾಡು ಹಿಡಿಯುವವರು ಊರಿನವರೇ, ಕೂಲಿಯೂ ಅವರಿಗೇ ಸಿಗುತ್ತದೆ.

ಇಂಥ ಸುದ್ದಿಯಿಂದ ಪೆಟ್ಟು ಬೀಳುವುದು ಹೋಂಸ್ಟೇ ನಡೆಸುವ ಮನೆಗಳಿಗೆ. ಆ ಮನೆಗಳಲ್ಲಿ ಸೌಕರ್ಯ ಇಲ್ಲ ಎಂದೂ ಕೆಲವರು ಹೇಳುತ್ತಾರೆ. ಅಲ್ಲಿ ನೀರು ಕಮ್ಮಿ, ಚಳಿಯಲ್ಲಿ ನಲ್ಲಿಯೇ ಹೆಪ್ಪುಗಟ್ಟುತ್ತದೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಒಣ ಶೌಚಾಲಯ: ಮೇಲಿನ ನೆಲದಲ್ಲಿ ಒಂದು ತೂತು, ಪಕ್ಕದಲ್ಲಿ ಮೇಲೆ ಸುರಿಯಲು ಮಣ್ಣಿನ ರಾಶಿ, ಒಂದು ಸಲಿಕೆ. ಕೆಳಗೆ ಸೇರಿದ್ದು ಹೊಲಕ್ಕೆ ಗೊಬ್ಬರ. ಇದನ್ನು ಸೌಕರ್ಯ ಇಲ್ಲ ಅನ್ನುವುದು ತಪ್ಪು, ಅಲ್ವಾ?

996ರಲ್ಲಿ ಕಟ್ಟಿದ ಟಾಬೊ ಗೊಂಪಾದ (ಬೌದ್ಧ ಮಠದ) ಮಣ್ಣಿನ ಗುಡಿಗಳೊಳಗೆ ಮಾತ್ರ ಫೋಟೊ ತೆಗೆಯುವಂತಿಲ್ಲ. ಆ ನಿಯಮ ನಿಜ, ದಯವಿಟ್ಟು ಪಾಲಿಸಿ.