ಬ್ಲಡ್ ಟೆಸ್ಟಿಗೆ ಹಾಲ್ ಗುಡಿಸಿದ ಕಥೆ

ಮನೆಗೇ ಬಂದು ಬ್ಲಡ್ ತಗೊಂಡು ಹೋಗ್ತೀವಿ, ನೀವು ಸುಮ್ನೆ ಕೂತಿದ್ರೆ ಸಾಕು ಅಂತ ಲ್ಯಾಬಿನವ್ರು ಫೋನಲ್ಲಿ ಹೇಳಿದ್ರು. ಸುಮ್ನೆ ಕೂರೋದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ಮಾಡ್ದೆ ನಾನು. ಹಿಂದಿನ ದಿನ ಸಂಜೆ ಸೋಫಾ ಮೇಲಿದ್ದ ಬಟ್ಟೆ ರಾಶಿನ ಎತ್ತಿ ಬೆಡ್‌ರೂಮಿಗೆ ಸಾಗಿಸಿದೆ, ಹಾಲ್ ಗುಡಿಸಿ ಒರೆಸಿದೆ, ಮೂಲೇಲಿ ಕುರ್ಚಿ ಹಾಕಿ ಅದ್ರ ಧೂಳೂ ಹೊಡೆದೆ. ಹೆಂಡ್ತಿ ನೋಡಿ "ಅವ್ರು ನಿಮ್ ನರ ಹುಡುಕೋಕೆ ಬರ್ತಿರೋದು ರೀ, ಬಾಡಿಗೆ ಮನೆ ನೋಡೋಕಲ್ಲ" ಅಂದ್ಲು.

ಶುಗರ್, ಲಿಪಿಡ್ (ಅದೇ, ಕೊಲೆಸ್ಟ್ರಾಲ್ ಟೆಸ್ಟು) ಎರಡೂ ಇತ್ತು, 10-12 ಗಂಟೆ ಖಾಲಿ ಹೊಟ್ಟೇಲಿರಿ ಅಂದಿದ್ರು. ನಾನು ಸಂಜೆ 7ಕ್ಕೇ ಊಟ ಮುಗಿಸಿ, ಖಾಲಿ ಹೊಟ್ಟೆ ಅಂದ್ಮೇಲೆ ನೀರೂ ಇಲ್ಲ ಅಂತ ನನ್ನಷ್ಟಕ್ಕೆ ನಾನೇ ಒಂದು ಕಾನೂನು ಮಾಡ್ಕೊಂಡು ಬಾಯಿ ಹೊಲ್ಕೊಂಡು ಮಲಗಿದೆ. ಬೆಳಿಗ್ಗೆ 7ಕ್ಕೆ ಬರ್ತೀನಿ ಅಂದವನು 8 ಆದ್ರೂ ಪತ್ತೆ ಇಲ್ಲ. ಹಾಲು ಸಕ್ಕರೆ ಇಲ್ದೆ ಬರೀ ಕಾಫಿ ಕುಡಿದ್ರೆ ಏನಾಗುತ್ತೆ ಅಂತ ಡಬ್ಬಕ್ಕೆ ಕೈ ಹಾಕ್ದೆ, ಅದೂ ಆಗಲ್ಲ ಅಂತ ಹೆಂಡ್ತಿ ಡಬ್ಬಾನೇ ಕಿತ್ಕೊಂಡ್ಲು, ಸರಿ ಟೈಮ್ ಹೋಗ್ಲಿ ಅಂತ 20 ಬಸ್ಕಿ ಹೊಡೆದೆ. ಟೆಸ್ಟಿಗೆ ಮುಂಚೆ ಎಕ್ಸರ್‌ಸೈಜೂ ಮಾಡಬಾರ್ದಂತೆ, ಅದು ಆಮೇಲೆ ಗೊತ್ತಾಯ್ತು.

ಅಂತೂ 9ಕ್ಕೆ ಹುಡುಗ ಬಂದ. ಡೀಸೆಂಟಾಗಿರ್ಲಿ ಅಂತ ನಾನು ಇಸ್ತ್ರಿ ಮಾಡಿದ ಫುಲ್ ತೋಳಿನ ಶರ್ಟ್ ಹಾಕಿದ್ದೆ. ಮಡಚಿ ಮಡಚಿ ಮೇಲಕ್ಕೆ ತಳ್ಳಿದ್ರೆ ಮೊಣಕೈ ಹತ್ರ ಗಟ್ಟಿಯಾಗಿ ಕಚ್ಕೊಂಡು ನಿಂತೋಯ್ತು, ಇಳಿಯೋದೂ ಇಲ್ಲ ಏರೋದೂ ಇಲ್ಲ. ಕೊನೆಗೆ ಶರ್ಟೇ ಬಿಚ್ಚಿ, ತೂತು ಬಿದ್ದ ಬನಿಯನ್ನಲ್ಲಿ ಕೂತೆ. ರಬ್ಬರ್ ಪಟ್ಟಿ ಕಟ್ಟಿ, ಬೆರಳಲ್ಲಿ ಒತ್ತಿ ಒತ್ತಿ ನೋಡ್ದ, ನರಾನೇ ಇಲ್ಲ.

"ನೀರು ಕುಡಿದಿಲ್ವಾ ಸಾರ್?"

"ಫಾಸ್ಟಿಂಗ್ ಅಲ್ವಾ?"

"ಬರೀ ನೀರು ಕುಡೀಬೇಕು ಸಾರ್, ಆಗ್ಲೇ ನರ ಉಬ್ಬೋದು."

ಸಹಾಯ ಮಾಡೋಣ ಅಂತ ಮುಷ್ಟಿ ಕಟ್ಟಿ ಬಿಟ್ಟು ಕಟ್ಟಿ ಬಿಟ್ಟು ಜೋರಾಗಿ ಪಂಪ್ ಹೊಡೆದೆ. "ಹಂಗ್ ಮಾಡ್ಬೇಡಿ, ಪೊಟ್ಯಾಸಿಯಂ ಜಾಸ್ತಿ ತೋರ್ಸುತ್ತೆ" ಅಂತ ಪಟ್ಟಿ ಬಿಚ್ಚಿ ದೊಡ್ಡ ಲೋಟದಲ್ಲಿ ನೀರು ಕುಡಿಸ್ದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸೂಜಿ ತೆಗೆದಾಗ, ನಂಗೆ ಸೂಜಿ ನೋಡಿದ್ರೆ ತಲೆ ಸುತ್ತುತ್ತೆ ಅಂತ ಬಾಯಿಬಿಟ್ಟೆ.

"ಮೊದ್ಲೇ ಹೇಳೋದಲ್ವಾ, ಮಲಗಿಸೇ ತಗೋತೀನಿ. ಬೆಡ್‌ರೂಮ್ ಎಲ್ಲಿ ಸಾರ್?"

ಗುಡಿಸಿ ಒರೆಸಿದ ಹಾಲ್ ದಾಟಿ ಸೀದಾ ಆ ಬಟ್ಟೆ ರಾಶಿಗೇ ಬಂದ್ವಿ. ಒಂದು ಕಡೆ ತಳ್ಳಿ ಜಾಗ ಮಾಡ್ಕೊಂಡು ಮಲಗಿದೆ, ಎದೆ ಮೇಲೆ ಯಾವ್ದೋ ಕಾಲ್ಚೀಲ. ನೇರಳೆ ಮುಚ್ಚಳದ ಟ್ಯೂಬ್ ತುಂಬಿ ಮೆಲ್ಲಗೆ ತಿರುವಿ ಮುರುವಿ ಮಾಡ್ದ, ಆಮೇಲೆ ಬೂದು ಮುಚ್ಚಳದ್ದು, ಅದು ಶುಗರ್‌ದು. ಟ್ಯೂಬೊಳಗೂ ರಕ್ತಕಣಗಳು ಸಕ್ಕರೆ ತಿಂತಾನೇ ಇರ್ತಾವಂತೆ, ಅದನ್ನ ತಡಿಯೋಕೆ ಫ್ಲೋರೈಡ್ ಹಾಕಿರ್ತಾರಂತೆ. ನಾನಿಲ್ಲಿ 14 ಗಂಟೆ ಉಪವಾಸ, ಇವಕ್ಕೆ ದಾರಿ ಉದ್ದಕ್ಕೂ ತಿಂಡಿ ಬೇಕಾ!

ಹತ್ತಿ ಒತ್ತಿ ಹಿಡಿಸಿ, ಕೈ ಮಡಚ್ಬೇಡಿ ಉಜ್ಜಬೇಡಿ ಅಂತ ಹೇಳಿ, ಟ್ಯೂಬ್ ಮೇಲೆ ನನ್ನ ಹೆಸರು ಬರೆದು ತೋರಿಸ್ದ. "ಮಾತ್ರೆ ಏನಾದ್ರೂ ತಗೋತೀರಾ ಸಾರ್? ಥೈರಾಯ್ಡ್ ಟೆಸ್ಟೂ ಇದೆ." ನಾನು ಹೆಂಡ್ತಿ ಮುಖ ನೋಡ್ದೆ. ಕೂದಲು ಉದುರತ್ತೆ ಅಂತ ಕದ್ದು ನುಂಗ್ತಿದ್ದ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ, ಈಗ ಹೇಳ್ದೆ ವಿಧಿ ಇಲ್ಲ.

"ಅಯ್ಯೋ ಸಾರ್, ಅದು ಥೈರಾಯ್ಡ್ ರಿಸಲ್ಟನ್ನೇ ಉಲ್ಟಾಪಲ್ಟಾ ಮಾಡುತ್ತೆ. ಡಾಕ್ಟ್ರನ್ನ ಕೇಳಿ ಒಂದೆರಡು ದಿನ ನಿಲ್ಸಿ, ಅದಕ್ಕೆ ಇನ್ನೊಂದ್ಸಲ ಬರ್ತೀನಿ."

"ಅದಕ್ಕಾ ಶೂ ಸ್ಟ್ಯಾಂಡ್ ಹಿಂದೆ ಆ ಬಾಟ್ಲಿ ಇದ್ದಿದ್ದು" ಅಂದ್ಲು ಹೆಂಡ್ತಿ. ಹುಡುಗ ಹೋದ್ಮೇಲೆ ಕಾಫಿ ಕೊಟ್ಟು, ಬಟ್ಟೆ ರಾಶಿ ಕಡೆ ಕೈ ತೋರಿಸಿ, "ಇದನ್ನ ಮತ್ತೆ ಸೋಫಾ ಮೇಲೆ ಹಾಕ್ಬಿಡಿ, ಮುಂದಿನ ಸಲಾನೂ ಅವ್ನು ಇಲ್ಲಿಗೇ ಬರೋದು" ಅಂದ್ಲು.